ಕಾಲಯಂತ್ರ, ಕಡಗ ಮತ್ತು ಒಂದು ಅಭ್ಯಾಸ ಪಾಠ

ಕಳೆದ ವರ್ಷದ ಅಭ್ಯಾಸ ಬೋಧನೆಯ ಎರಡನೇ ವಾರ. ಶ್ರೀರಂಗಪಟ್ಟಣದ ಕೋಟೆಗೆ ಹತ್ತಿರದ ಒಂದು ಪ್ರೌಢಶಾಲೆ, ಹತ್ತನೇ ತರಗತಿ, ಮೈಸೂರು ಯುದ್ಧಗಳ ಪಾಠ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಫ್ರಿಜ್ ತುಂಬಿ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಗೆ ನೀಲಿ ಬಣ್ಣ ಬಳಿದು, ಹಳೆಯ ಗಡಿಯಾರದ ಮುಳ್ಳುಗಳನ್ನು ಅಂಟಿಸಿ, ಮೇಲೆ ‘ಕಾಲಯಂತ್ರ’ ಎಂದು ಬರೆದು ಆಟೋದಲ್ಲಿ ತಂದಿದ್ದರು. ಮಕ್ಕಳು ಇಬ್ಬಿಬ್ಬರಾಗಿ ಪೆಟ್ಟಿಗೆಯೊಳಗೆ ಹೋಗುವುದು, ಮೊಬೈಲಿನಿಂದ ಗುಡುಗಿನ ಸದ್ದು ಬರುವುದು, ಆಚೆ ಬಂದಾಗ ಕಪ್ಪುಹಲಗೆಯ ಮೇಲೆ ‘4 ಮೇ 1799’ ಎಂದು ಬರೆದಿರುವುದು. ಇಂಥ ಪೀಠಿಕೆಯನ್ನು ನಾನು ಹದಿನೈದು ವರ್ಷಗಳ ಪಾಠ ವೀಕ್ಷಣೆಯಲ್ಲಿ ಹೆಚ್ಚು ಕಂಡಿಲ್ಲ. ಹಿಂದಿನ ಬೆಂಚಿನ ಹುಡುಗರೂ ಎದ್ದು ನಿಂತಿದ್ದರು.

ಆಮೇಲೆ ಆಕೆ ಮುಖ್ಯ ಪ್ರಶ್ನೆ ಕೇಳಿದರು. “ಈಗ ನೀವು ಟಿಪ್ಪು ಸುಲ್ತಾನನ ಮುಂದೆ ನಿಂತಿದ್ದೀರಿ. ಏನು ಹೇಳುತ್ತೀರಿ?” ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು: “ಮೀರ್ ಸಾದಿಕ್‌ನ ಹಿಡ್ಕೊಳ್ಳಿ!” ನಗು, ಚಪ್ಪಾಳೆ. ಆ ಗದ್ದಲ ಅಡಗುವಾಗ ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಕೈ ಎತ್ತಿದಳು. ಅವಳ ತಂದೆ ಹೊಳೆಯಲ್ಲಿ ಮೀನು ಹಿಡಿಯುವವರೆಂದು ಆಮೇಲೆ ಗೊತ್ತಾಯಿತು. “ಮಿಸ್, ನಾನ್ ಅಲ್ಲಿಗ್ ಹೋದ್ರೆ ಯಾರಾಗಿರ್ತೀನಿ?”

ಪ್ರಶಿಕ್ಷಣಾರ್ಥಿಗೆ ಅರ್ಥವಾಗಲಿಲ್ಲ. “ನೀನು ನೀನೇ ಆಗಿರ್ತೀಯಮ್ಮ” ಎಂದರು. “ನಾನಾದ್ರೆ ನನ್ನ ಅರಮನೆ ಒಳಕ್ ಬಿಡ್ತಾರಾ ಮಿಸ್?” ಎಂದಳು ಹುಡುಗಿ. ಮತ್ತೆ ನಗು. ಗಂಟೆ ಹೊಡೆಯಿತು. ಗೃಹಪಾಠವಾಗಿ ನಾಲ್ಕು ಯುದ್ಧಗಳ ಒಪ್ಪಂದಗಳನ್ನು ಪಟ್ಟಿ ಮಾಡಿಕೊಂಡು ಬರಲು ಹೇಳಿ ಪಾಠ ಮುಗಿಯಿತು.

ನನ್ನ ವೀಕ್ಷಣಾ ಹಾಳೆ ಇನ್ನೂ ಕಡತದಲ್ಲಿದೆ. ‘ಪೀಠಿಕೆ: ಅತ್ಯುತ್ತಮ. ಬೋಧನೋಪಕರಣ: ನವೀನ. ಕಾಲಪಾಲನೆ: ಸುಧಾರಿಸಬೇಕು.’ ಹುಡುಗಿಯ ಪ್ರಶ್ನೆಯ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ. ಆ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿ ಬಿಟ್ಟರು ಎನ್ನುವುದಕ್ಕಿಂತ ನಾನು ಬಿಟ್ಟೆ ಎನ್ನುವುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಆಕೆಗೆ ಅದು ಐದನೆಯ ಪಾಠ, ನನಗೆ ಎಷ್ಟನೆಯದೋ ಲೆಕ್ಕವಿಲ್ಲ.

ಆ ಸಂಜೆ ಮನೆಯಲ್ಲಿ ನೀಲಿ ಪೆಟ್ಟಿಗೆಯ ವಿಷಯ ಹೇಳಿದಾಗ ಮಗಳು, “ಅಪ್ಪ, ಅದು ಡಾಕ್ಟರ್ ಹೂ ಪೆಟ್ಟಿಗೆ. ಅದರಲ್ಲಿ ಮೊದಲು ಹೋಗೋರೇ ಇಬ್ಬರು ಟೀಚರ್‌ಗಳು” ಎಂದಳು. ನನಗೆ ಕಾಲಪ್ರಯಾಣವೆಂದರೆ ಗೊತ್ತಿದ್ದುದು ಎರಡೇ. 1989ರಲ್ಲಿ ದೂರದರ್ಶನದಲ್ಲಿ ಬಂದ, ಆನಂದ್ ಮಹೇಂದ್ರೂ ನಿರ್ದೇಶನದ ‘ಇಂದ್ರಧನುಷ್’ ಎಂಬ ಹಿಂದಿ ಧಾರಾವಾಹಿ ಒಂದು. ಹುಡುಗರು ಸೇರಿ ಕಂಪ್ಯೂಟರ್ ಜೋಡಿಸುತ್ತಾರೆ, ಅಲ್ಲಿಂದ ಸಾಹಸಗಳು ಶುರುವಾಗುತ್ತವೆ. ನಾಗಮಂಗಲದ ದೊಡ್ಡಪ್ಪನ ಮನೆಯ ಕಪ್ಪು ಬಿಳುಪು ಟಿ.ವಿ.ಯಲ್ಲಿ ಅದನ್ನು ನೋಡುತ್ತಿದ್ದಾಗ ಹಿಂದಿ ಅರ್ಧ ಅರ್ಥವಾಗುತ್ತಿತ್ತು. ಅದರಲ್ಲಿ ಗಿರೀಶ ಕಾರ್ನಾಡರು ಇದ್ದಾರೆ ಎಂಬುದೇ ನಮಗೆ ಹೆಮ್ಮೆ. ಎರಡನೆಯದು 1991ರ ತೆಲುಗು ಚಿತ್ರ ‘ಆದಿತ್ಯ 369’, ಸಿಂಗೀತಂ ಶ್ರೀನಿವಾಸರಾವ್ ಅವರದು. ‘ಹಾಲು ಜೇನು’, ‘ಚಲಿಸುವ ಮೋಡಗಳು’ ಮಾಡಿದ ಅದೇ ನಿರ್ದೇಶಕರು. ಅದರಲ್ಲಿ ನಾಯಕ ನಾಯಕಿ ಕೃಷ್ಣದೇವರಾಯನ ಕಾಲಕ್ಕೆ ಹೋಗುತ್ತಾರೆ. ಇಳಿದ ಸ್ವಲ್ಪ ಹೊತ್ತಿಗೆ ಆಸ್ಥಾನದಲ್ಲಿರುತ್ತಾರೆ. ಆಸ್ಥಾನಕ್ಕೆ ಹೋಗದೆ ಹಂಪಿಯ ಯಾವುದೋ ಕಾಲುವೆಯಲ್ಲಿ ಹೂಳೆತ್ತುವವರ ಸಾಲಿನಲ್ಲಿ ಇಳಿದಿದ್ದರೆ ಸಿನಿಮಾ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತೋ ಏನೋ.

ಮಗಳು ಹೇಳಿದ್ದನ್ನು ನೋಡಿದೆ. ‘ಡಾಕ್ಟರ್ ಹೂ’ 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಆರಂಭವಾಯಿತು. ಕೆನಡಿ ಹತ್ಯೆಯಾದ ಮರುದಿನವಾದ್ದರಿಂದ ಅದರತ್ತ ಗಮನ ಕೊಟ್ಟವರು ಕಡಿಮೆ. ಮುಂದಿನ ವಾರ ಮೊದಲ ಕಂತನ್ನು ಮತ್ತೆ ತೋರಿಸಿ ಎರಡನೆಯದನ್ನು ಮುಂದುವರಿಸಿದರು. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು. ಕಥೆಯ ಆರಂಭ ನಮ್ಮ ಓದುಗರಿಗೆ ಪರಿಚಿತವೆನಿಸುತ್ತದೆ. ಒಂದು ಶಾಲೆಯ ವಿಜ್ಞಾನ ಶಿಕ್ಷಕ ಇಯಾನ್, ಇತಿಹಾಸ ಶಿಕ್ಷಕಿ ಬಾರ್ಬರಾ. ಸೂಸನ್ ಎಂಬ ವಿದ್ಯಾರ್ಥಿನಿಗೆ ಕೆಲವು ವಿಷಯ ಅಗತ್ಯಕ್ಕಿಂತ ಹೆಚ್ಚು ಗೊತ್ತು, ಕೆಲವು ಸಾಮಾನ್ಯ ಸಂಗತಿ ಗೊತ್ತೇ ಇಲ್ಲ. ಮನೆಪಾಠ ಸರಿಯಾಗುತ್ತಿಲ್ಲ. ಇಬ್ಬರೂ ಸಂಜೆ ಅವಳ ಹಿಂದೆಯೇ ಅವಳ ವಿಳಾಸ ಹುಡುಕಿಕೊಂಡು ಹೊರಡುತ್ತಾರೆ. ಅಲ್ಲಿ ಪೊಲೀಸ್ ಪೆಟ್ಟಿಗೆಯ ರೂಪದ ಕಾಲನೌಕೆ, ಅದರೊಳಗೆ ಅವಳ ಅಜ್ಜ ಡಾಕ್ಟರ್. ಮನೆ ಭೇಟಿಗೆ ಹೋದ ಶಿಕ್ಷಕರು ಯುಗಯುಗಗಳ ಆಚೆ ಹೋಗಿಬಿಡುತ್ತಾರೆ. (ನಮ್ಮ ಮಕ್ಕಳ ಗಣತಿಗೆ ಹೋದವರಿಗೆ ಹೀಗೆ ಆಗಿದ್ದರೆ ಅನ್ಯ ಕಾರ್ಯನಿಮಿತ್ತ ರಜೆ ಸಿಗುತ್ತಿತ್ತೇ ಎಂದು ಸ್ಟಾಫ್ ರೂಮಿನಲ್ಲಿ ಚರ್ಚೆಯಾಯಿತು.)

ವಿಜ್ಞಾನ ಶಿಕ್ಷಕ ಮತ್ತು ಇತಿಹಾಸ ಶಿಕ್ಷಕಿ ಒಂದೇ ಯಂತ್ರದಲ್ಲಿ ಕೂತಿರುವುದು ಆಕಸ್ಮಿಕವಲ್ಲ. ಭವಿಷ್ಯಕ್ಕೆ ಹೋದಾಗ ವಿಜ್ಞಾನ, ಭೂತಕ್ಕೆ ಹೋದಾಗ ಇತಿಹಾಸ, ಹೀಗೆ ಮಕ್ಕಳಿಗೆ ಏನಾದರೂ ಕಲಿಸಬೇಕೆಂಬ ಉದ್ದೇಶ ಆರಂಭದಲ್ಲಿತ್ತು. ನಮ್ಮಲ್ಲಿ ಬೋಧನಾ ವಿಧಾನದ ತರಗತಿಗಳಲ್ಲಿ ಭೌತವಿಜ್ಞಾನದವರು ಒಂದು ಕೋಣೆ, ಇತಿಹಾಸದವರು ಇನ್ನೊಂದು ಕೋಣೆ. ಎರಡು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದರೂ ಒಬ್ಬರ ಪಾಠವನ್ನು ಇನ್ನೊಬ್ಬರು ವೀಕ್ಷಿಸುವುದು ಅಪರೂಪ.

ನಾನು ಈ ಬರಹದಲ್ಲಿ ಒಂದೇ ಕಥೆಯ ಬಗ್ಗೆ ಹೇಳಬೇಕು. 1964ರ ಮೇ 23ರಿಂದ ಜೂನ್ 13ರವರೆಗೆ ನಾಲ್ಕು ಕಂತುಗಳಲ್ಲಿ ಬಂದ ‘ದಿ ಆಜ್ಟೆಕ್ಸ್’. ಬರೆದವರು ಜಾನ್ ಲುಕರೋಟಿ. ಬಾರ್ಬರಾ ಪಾತ್ರದಲ್ಲಿ ಜಾಕ್ವೆಲಿನ್ ಹಿಲ್, ಡಾಕ್ಟರ್ ಆಗಿ ವಿಲಿಯಂ ಹಾರ್ಟ್ನೆಲ್. ಕಪ್ಪು ಬಿಳುಪು, ಸ್ಟುಡಿಯೋದ ಒಳಗೇ ಕಟ್ಟಿದ ಗುಡಿ, ಹಿನ್ನೆಲೆಯಲ್ಲಿ ಬಣ್ಣ ಬಳಿದ ಪರದೆ. ಅಲುಗಾಡಿದರೆ ಪರದೆಯೆಂದು ಗೊತ್ತಾಗುತ್ತದೆ. ನಮ್ಮ ಕಂಪನಿ ನಾಟಕ ನೋಡಿದವರಿಗೆ ಅದೇನೂ ಅಡ್ಡಿಯಾಗದು.

ನೌಕೆ ಮೆಕ್ಸಿಕೋದಲ್ಲಿ, ಆಜ್ಟೆಕ್ ಜನರ ಕಾಲದ ಒಂದು ಸಮಾಧಿಯೊಳಗೆ ಇಳಿಯುತ್ತದೆ. ಬಾರ್ಬರಾಗೆ ಆಜ್ಟೆಕ್ ಇತಿಹಾಸ ಅಚ್ಚುಮೆಚ್ಚಿನ ವಿಷಯ. ಸಮಾಧಿಯಲ್ಲಿದ್ದ ಕಡಗವೊಂದನ್ನು ಕುತೂಹಲದಿಂದ ಕೈಗೆ ಹಾಕಿಕೊಳ್ಳುತ್ತಾಳೆ. ಹೊರಗೆ ಬಂದಾಗ ಜನ ಅವಳನ್ನು ಸತ್ತ ಪುರೋಹಿತ ಯೆಟಾಕ್ಸಾನ ಮರುಹುಟ್ಟು ಎಂದು ಕೈಮುಗಿಯುತ್ತಾರೆ. ಮೂವರು ಸಂಗಾತಿಗಳು ಅವಳ ಸೇವಕರಾಗುತ್ತಾರೆ. ಸಮಾಧಿಯ ಬಾಗಿಲು ಒಳಗಿನಿಂದ ಮಾತ್ರ ತೆರೆಯುವಂಥದ್ದು, ಹಾಗಾಗಿ ಹಿಂತಿರುಗುವ ದಾರಿ ಮುಚ್ಚಿಹೋಗುತ್ತದೆ.

ಬಾರ್ಬರಾಗೆ ಒಂದು ವಿಷಯ ಗೊತ್ತು. ಮುಂದೆ ಕೋರ್ಟೆಸ್ ಎಂಬ ಸ್ಪೇನಿನವನು ಬರುತ್ತಾನೆ, ಈ ನಾಗರಿಕತೆ ನಾಶವಾಗುತ್ತದೆ. ಅವಳ ಲೆಕ್ಕ ಸರಳ: ಈ ಜನರ ಒಳ್ಳೆಯದನ್ನೆಲ್ಲ ನುಂಗಿಹಾಕಿದ್ದು ನರಬಲಿ. ಅದೊಂದನ್ನು ನಿಲ್ಲಿಸಿದರೆ, ಸ್ಪೇನಿನವರು ಬಂದಾಗ ಇವರನ್ನು ಕ್ರೂರಿಗಳೆಂದು ಕಾಣುವುದಿಲ್ಲ, ಉಳಿಸುತ್ತಾರೆ. ದೇವರ ಸ್ಥಾನ ಹೇಗೂ ಸಿಕ್ಕಿದೆ. ಡಾಕ್ಟರ್ ಬೇಡವೆಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಮಳೆಗಾಗಿ ಬಲಿ ಕೊಡುವ ದಿನ ಅವಳು ನಿಲ್ಲಿಸಿ ಎಂದು ಆಜ್ಞೆ ಮಾಡುತ್ತಾಳೆ.

ಇಲ್ಲಿಂದ ಕಥೆ ಬೇರೆ ದಾರಿ ಹಿಡಿಯುತ್ತದೆ. ಬಲಿಯಾಗಬೇಕಿದ್ದವನು ಬದುಕಿದ್ದಕ್ಕೆ ಸಂತೋಷಪಡುವುದಿಲ್ಲ. ತನ್ನ ಮಾನ ಹೋಯಿತೆಂದು ಎತ್ತರದಿಂದ ಹಾರಿ ಸಾಯುತ್ತಾನೆ. ಅಷ್ಟರಲ್ಲಿ ಮಳೆ ಬರುತ್ತದೆ. ಬಲಿಯ ಅಧಿಕಾರಿಯಾದ ಪುರೋಹಿತ ಟ್ಲೋಟಾಕ್ಸಲ್, ನೋಡಿ, ಸಾವು ಬಂತು, ಮಳೆಯೂ ಬಂತು ಎಂದು ತೋರಿಸಿಕೊಡುತ್ತಾನೆ. ಬಾರ್ಬರಾಳ ಪ್ರಯೋಗ ಕಣ್ಣೆದುರೇ ಕೆಟ್ಟುಹೋಗುತ್ತದೆ. ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗೆ ಈ ಒಂದು ದೃಶ್ಯವನ್ನು ತೋರಿಸಿದರೂ ಸಾಕು. ಚರಾಂಶಗಳ ನಿಯಂತ್ರಣ ಎಂದು ನಾವು ಹಲಗೆಯ ಮೇಲೆ ಬರೆಸುವುದು ಇದನ್ನೇ. ಕಪ್ಪೆ ಮದುವೆ ಮಾಡಿದ ವಾರ ಮಳೆ ಬಂದರೆ ಏನೆಂದು ತೀರ್ಮಾನಿಸಬೇಕು ಎಂಬ ಪ್ರಶ್ನೆಗೆ ನಮ್ಮ ಹಳ್ಳಿಯ ಒಂಬತ್ತನೇ ತರಗತಿಯ ಹುಡುಗ, ‘ಮೂಢನಂಬಿಕೆ’ ಎಂದು ಪುಸ್ತಕದ ಉತ್ತರ ಕೊಡುತ್ತಾನೆ. ಮದುವೆ ಮಾಡದ ಊರಿನಲ್ಲಿ ಅದೇ ವಾರ ಏನಾಯಿತು ಎಂದು ಕೇಳಬೇಕೆಂದು ಅವನಿಗೆ ನಾವು ಹೇಳಿಕೊಟ್ಟಿಲ್ಲ.

ಕಥೆಯಲ್ಲಿ ಇನ್ನೊಬ್ಬ ಪುರೋಹಿತನಿದ್ದಾನೆ, ಆಟ್‌ಲಾಕ್, ಜ್ಞಾನದ ಅಧಿಕಾರಿ. ಅವನು ಮಾತ್ರ ಬಾರ್ಬರಾಳನ್ನು ನಂಬುತ್ತಾನೆ. ನಂಬಿ, ಪದವಿ, ಆಸ್ತಿ ಎಲ್ಲ ಬಿಟ್ಟು ಕಾಡಿಗೆ ಹೋಗುತ್ತಾನೆ. ಕೊನೆಗೆ ಗ್ರಹಣದ ದಿನ ಬಲಿ ನಡೆದೇ ತೀರುತ್ತದೆ. ಡಾಕ್ಟರ್ ಕೆತ್ತಿದ ಒಂದು ರಾಟೆಯ ಸಹಾಯದಿಂದ ಇವರು ಸಮಾಧಿಯ ಬಾಗಿಲು ತೆರೆದು ಪಾರಾಗುತ್ತಾರೆ. ಬಂಡಿಗೆ ಚಕ್ರ ಬಳಸದ ಜನರ ನಡುವೆ ಒಂದು ಚಕ್ರ ಕೆತ್ತಬೇಕಾಗುತ್ತದೆ ಎಂಬುದು ಸಣ್ಣ ಸಂಗತಿ, ಆದರೆ ಎತ್ತಿನ ಗಾಡಿಯ ನಾಡಿನ ಮಕ್ಕಳಿಗೆ ಅದನ್ನೇ ಒಂದು ಪಾಠ ಮಾಡಬಹುದು. ಹಾಗೆಯೇ ಡಾಕ್ಟರ್ ಒಬ್ಬ ಹೆಂಗಸಿಗೆ ಸೌಜನ್ಯಕ್ಕೆಂದು ಕೋಕೋ ಮಾಡಿಕೊಟ್ಟು, ಅಲ್ಲಿನ ಪದ್ಧತಿಯ ಪ್ರಕಾರ ಮದುವೆಗೆ ಒಪ್ಪಿದಂತಾಗುವ ಪ್ರಸಂಗ. ನಮ್ಮಲ್ಲಿ ಗೊತ್ತಿಲ್ಲದೆ ವೀಳ್ಯ ಬದಲಾಯಿಸಿಕೊಂಡ ಹಾಗೆ. ನಗಿಸುತ್ತಲೇ, ಒಳಗಿನವರ ಅರ್ಥ ಹೊರಗಿನವನಿಗೆ ಗೊತ್ತಿರುವುದಿಲ್ಲ ಎಂಬುದನ್ನು ಅದು ಹೇಳಿಬಿಡುತ್ತದೆ.

ಬಾರ್ಬರಾ ನಮ್ಮ ಪ್ರಶಿಕ್ಷಣಾರ್ಥಿಯೇ. ನಾವೆಲ್ಲರೂ ಅವಳೇ. ವಿಷಯದ ಮೇಲೆ ಪ್ರೀತಿ ಇದೆ, ಒಳ್ಳೆಯದಾಗಲಿ ಎಂಬ ಆಸೆ ಇದೆ, ನಾಳೆ ಏನಾಗುತ್ತದೆ ಎಂದು ಗೊತ್ತಿದೆ. ಕೈಯಲ್ಲಿ ಕಡಗವೂ ಇದೆ. ಶ್ರೀರಂಗಪಟ್ಟಣದ ಆ ತರಗತಿಯಲ್ಲಿ ನಡೆದದ್ದು ನಲವತ್ತೆರಡು ಮಕ್ಕಳ ಕೈಗೂ ಒಂದೊಂದು ಕಡಗ ತೊಡಿಸುವ ಕೆಲಸ. ‘ನೀವು ಸುಲ್ತಾನನ ಮುಂದೆ ನಿಂತಿದ್ದೀರಿ’ ಎಂದ ಕೂಡಲೇ ಅವರು ಕಾಲದ ಮೇಲೆ ಕೂತವರಾದರು. ಅವರಿಗೆ ಉತ್ತರ ಗೊತ್ತು, ಅಲ್ಲಿರುವವರಿಗೆ ಗೊತ್ತಿಲ್ಲ. ಇತಿಹಾಸ ಒಂದು ರಹಸ್ಯ ಪತ್ರ, ಅದನ್ನು ಸರಿಯಾದವರಿಗೆ ತಲುಪಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಭಾವನೆ. ಒಬ್ಬ ಮೀರ್ ಸಾದಿಕ್ ಇಲ್ಲದಿದ್ದರೆ ಸಾಕಿತ್ತು. ಹುಡುಗಿಯೊಬ್ಬಳು ಮಾತ್ರ ಕಡಗ ಬೇಡ ಎಂದಳು.

ಕಡಗ ತೆಗೆದಿಟ್ಟು 4 ಮೇ 1799ನ್ನು ನೋಡಿದರೆ ಏನು ಕಾಣುತ್ತದೆ? ಮೇ ತಿಂಗಳು, ಕಾವೇರಿಯಲ್ಲಿ ನೀರು ಇಳಿದು ಬಂಡೆ ಕಾಣುವ ಕಾಲ. ಮಳೆ ಹಿಡಿದರೆ ಹೊಳೆ ತುಂಬಿ ದಾಟಲಾಗದು, ಮುತ್ತಿಗೆ ಹಾಕಿದವರು ವಾಪಸು ಹೋಗಬೇಕಾಗುತ್ತದೆ. ಹೊರಗಿದ್ದ ಜನರಲ್ ಹ್ಯಾರಿಸ್‌ನ ದಂಡಿನಲ್ಲಿ ದವಸ ಮುಗಿಯುತ್ತ ಬಂದಿತ್ತು. ಎರಡೂ ಕಡೆಯವರು ಆಕಾಶ ನೋಡುತ್ತಿದ್ದರು ಎಂದರೆ ತಪ್ಪಾಗದು. ವಾಯವ್ಯದ ಗೋಡೆಯಲ್ಲಿ ಫಿರಂಗಿಗಳು ಬಿರುಕು ಬಿಡಿಸಿದ್ದವು. ಮಧ್ಯಾಹ್ನ ಸುಮಾರು 1 ಗಂಟೆಯ ಉರಿಬಿಸಿಲಿನಲ್ಲಿ ಡೇವಿಡ್ ಬೈರ್ಡ್ ಮುಂದಾಳತ್ವದಲ್ಲಿ ದಾಳಿಯಾಯಿತು. ಈ ಬೈರ್ಡ್ ಹಿಂದೆ ಇದೇ ಪಟ್ಟಣದಲ್ಲಿ 44 ತಿಂಗಳು ಸೆರೆಯಲ್ಲಿದ್ದವನು. ಕಂಪನಿಯ ಜೊತೆ ನಿಜಾಮನ ಸೈನ್ಯವೂ ಇತ್ತು. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಮೀರ್ ಸಾದಿಕ್ ಈ ಚಿತ್ರದಲ್ಲಿ ಇದ್ದಾನೆ, ಆದರೆ ನೀರಿನ ಮಟ್ಟವೂ ಇದೆ, ದವಸವೂ ಇದೆ, 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕಳೆದುಕೊಂಡದ್ದೂ ಇದೆ. ಮಕ್ಕಳು ಪ್ರತಿದಿನ ದಾಟುವ ಹೊಳೆಯೇ ಒಂದು ಕಾರಣ ಎಂಬುದು ಪಠ್ಯದ ಸಾಲುಗಳಿಂದ ಹೊಳೆಯುವುದಿಲ್ಲ.

ಆ ದಿನ ನಾಳೆ ಗೊತ್ತಿಲ್ಲದ ಒಬ್ಬ ಮನುಷ್ಯ ಸ್ವತಃ ಟಿಪ್ಪುವೇ. ತನ್ನ ಕನಸುಗಳನ್ನು ಪಾರಸಿಯಲ್ಲಿ ತಾನೇ ಬರೆದಿಟ್ಟುಕೊಂಡಿದ್ದ ಪುಸ್ತಕ ಅರಮನೆಯಲ್ಲಿ ಸಿಕ್ಕಿತು. ಅದರಲ್ಲಿ 37 ಕನಸುಗಳಿವೆ. ಅದನ್ನು ಬರೆಯುವಾಗ ಮುಂದೆ ಏನಾಗುತ್ತದೆ ಎಂದು ಗೊತ್ತಿದ್ದರೆ ಅವನು ಹಾಗೆ ಬರೆಯುತ್ತಿರಲಿಲ್ಲ. ನಾನು ಹುಡುಗನಾಗಿದ್ದಾಗ ‘ಇಂದ್ರಧನುಷ್’ನಲ್ಲಿ ಕಂಡ ಕಾರ್ನಾಡರೇ ಮುಂದೆ ಆ ಕನಸುಗಳನ್ನು ಹಿಡಿದು ನಾಟಕ ಬರೆದರು. ಮೊದಲು ಅದು 1997ರಲ್ಲಿ ಬಿಬಿಸಿ ರೇಡಿಯೋಗಾಗಿ ಆದದ್ದು. ಹತ್ತನೇ ತರಗತಿಗೆ ಆಕರ ಎಂದರೆ ಏನು ಎಂದು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. ಪೆಟ್ಟಿಗೆಗೆ ಬಣ್ಣ ಬಳಿಯುವ ಸಮಯದಲ್ಲಿ ಅರ್ಧವನ್ನು ಇಂಥ ಒಂದು ಆಕರಕ್ಕೆ ಕೊಟ್ಟಿದ್ದರೆ ಆ ಪಾಠ ಬೇರೆಯೇ ಆಗುತ್ತಿತ್ತು.

ಟಿಪ್ಪುವಿನ ವಿಷಯ ಬಂದರೆ ಸಹಾಯ ಶಿಕ್ಷಕರು ಪ್ರಶಿಕ್ಷಣಾರ್ಥಿಗಳ ಕಿವಿಯಲ್ಲಿ, “ಬೇಗ ಮುಗಿಸಮ್ಮ, ಒಪ್ಪಂದಗಳನ್ನ ಬರೆಸಿಬಿಡು” ಎನ್ನುವುದನ್ನು ನಾನೂ ಕೇಳಿದ್ದೇನೆ. ಅವರ ಭಯ ನನಗೆ ಅರ್ಥವಾಗುತ್ತದೆ. ಶ್ರೀರಂಗನಾಥನ ಗುಡಿಯಲ್ಲಿ ಟಿಪ್ಪು ಕೊಟ್ಟ ಬೆಳ್ಳಿಯ ಪಾತ್ರೆಗಳಿವೆ. ಹೊಳೆಯಾಚೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಅದೇ ಸುಲ್ತಾನನ ನೆನಪಿನಿಂದ ನರಕ ಚತುರ್ದಶಿಯನ್ನು ಹಬ್ಬವಾಗಿ ಆಚರಿಸದ ಮನೆಗಳಿವೆ. ಒಂದೇ ಜಿಲ್ಲೆಯ ಎರಡು ತರಗತಿಗಳಲ್ಲಿ ಒಂದೇ ಹೆಸರಿಗೆ ಎರಡು ಬಗೆಯ ಮೌನ. ‘ಟಿಪ್ಪುವಿಗೆ ಏನು ಹೇಳುತ್ತೀರಿ’ ಎಂದರೆ ಮಕ್ಕಳು ಪರ ವಿರೋಧ ಎಂದು ಎರಡು ಸಾಲಾಗಿ ನಿಲ್ಲುತ್ತಾರೆ, ಮನೆಯಲ್ಲಿ ಕೇಳಿದ್ದನ್ನು ಹೇಳುತ್ತಾರೆ. ಹೊಳೆ ಕಡೆಯ ಬಾಗಿಲಲ್ಲಿ ನೀರು ಹೊರುವವಳು ಆ ದಿನ ಬೆಳಿಗ್ಗೆ ಏನು ಕೇಳಿದಳು, ಯಾರಿಗೆ ಹೆದರಿದಳು, ಮಕ್ಕಳನ್ನು ಎಲ್ಲಿ ಬಚ್ಚಿಟ್ಟಳು ಎಂದರೆ ಮನೆಯಲ್ಲಿ ಕೇಳಿದ ಉತ್ತರ ಇರುವುದಿಲ್ಲ. ಯೋಚಿಸಲೇಬೇಕು. ಹೆದರಿ ಬಿಡುವ ಪಾಠವನ್ನು ಮಾಡಲು ಇದೇ ಹೆಚ್ಚು ಕ್ಷೇಮದ ದಾರಿ ಎಂದು ನನ್ನ ಅಭಿಪ್ರಾಯ.

ಆದರೆ ‘ನಾನು ಯಾರಾಗಿರ್ತೀನಿ’ ಎಂಬ ಪ್ರಶ್ನೆಯಲ್ಲಿ ಒಂದು ಕತ್ತಿಯ ಅಂಚೂ ಇದೆ. ಈ ಬರಹದ ಮೊದಲ ಕರಡನ್ನು ಓದಿದ ಸಹೋದ್ಯೋಗಿಯೊಬ್ಬರು ಅದನ್ನು ತೋರಿಸಿದರು. ಆ ಹುಡುಗಿಗೆ ಶಿಕ್ಷಕಿ, “ನೀನು ಅಲ್ಲಿ ಮೀನುಗಾರನ ಮಗಳಾಗಿರ್ತೀಯ” ಎಂದು ಉತ್ತರ ಕೊಟ್ಟಿದ್ದರೆ? ಇನ್ನೊಬ್ಬ ಹುಡುಗನಿಗೆ ಅವನ ಕೇರಿಯ ಹೆಸರಿನಲ್ಲಿ ಪಾತ್ರ ಹಂಚಿದ್ದರೆ? ಇನ್ನೂರು ವರ್ಷ ಹಿಂದಿನ ಅವಮಾನವನ್ನು ಇಂದಿನ ಬೆಂಚಿನ ಮೇಲೆ ತಂದು ಕೂರಿಸಿದಂತಾಗುತ್ತದೆ. ಪಾತ್ರಾಭಿನಯದ ಹೆಸರಿನಲ್ಲಿ ಇದು ನಡೆದದ್ದನ್ನು ನಾನು ಕಂಡಿದ್ದೇನೆ. ರಾಜನ ಪಾತ್ರ ಯಾವ ಬೀದಿಯ ಹುಡುಗನಿಗೆ ಹೋಗುತ್ತದೆ, ಪಂಜು ಹಿಡಿಯುವುದು ಯಾವ ಬೀದಿಯ ಹುಡುಗನಿಗೆ ಬರುತ್ತದೆ ಎಂದು ತರಗತಿಗೇ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಪಾತ್ರ ಚೀಟಿ ಎತ್ತಿಯೇ ಬರಬೇಕು. ಗೌಡರ ಮನೆಯ ಹುಡುಗನಿಗೆ ಜಲಗಾರನ ಚೀಟಿ ಬಂದರೆ ಅವನೇ ಮಾಡಬೇಕು, ಬದಲಾಯಿಸಿಕೊಳ್ಳುವ ಹಾಗಿಲ್ಲ. ವೇಷ ಬೇಡ, ಮೀಸೆ ಬೇಡ, ಕುಳಿತಲ್ಲೇ ಮಾತಾಡಿದರೆ ಸಾಕು. ಯಾರಿಗಾದರೂ ಮಾತಾಡಲು ಇಷ್ಟವಿಲ್ಲದಿದ್ದರೆ ಬರೆದು ಕೊಡಲಿ.

ಸಮಯವೆಲ್ಲಿದೆ ಎಂಬ ಆಕ್ಷೇಪ ಇದ್ದೇ ಇದೆ. ನಲವತ್ತು ನಿಮಿಷ, ಅದರಲ್ಲಿ ಹಾಜರಿ, ಪೀಠಿಕೆ, ಮೌಲ್ಯಮಾಪನ. ನಾನು ಕೇಳುತ್ತಿರುವುದು ಘಟಕಕ್ಕೆ ಒಂದು ಅವಧಿ ಮಾತ್ರ.

ಈ ವರ್ಷ ನಾವು ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಒಂದು ಪಾಠವನ್ನು ಹೀಗೆ ಮಾಡಿ ನೋಡಿದೆವು. ಟಿಪ್ಪುವನ್ನು ಬಿಟ್ಟು ಎಲ್ಲರಿಗೂ ಸಂಬಂಧಿಸಿದ ಕನ್ನಂಬಾಡಿಯನ್ನು ಆರಿಸಿಕೊಂಡೆವು. ಹಲಗೆಯ ಮೇಲೆ ‘1911’ ಎಂದು ಮಾತ್ರ ಬರೆದದ್ದು. ನಿಯಮ ಎರಡೇ: ಚೀಟಿಯಲ್ಲಿ ಬಂದವರೇ ನೀವು, 1911ರ ನಂತರದ್ದು ಯಾವುದೂ ನಿಮಗೆ ಗೊತ್ತಿಲ್ಲ. ಕಟ್ಟೆ ಇಲ್ಲ, ನಾಲೆ ಇಲ್ಲ, 1933ರ ಸಕ್ಕರೆ ಕಂಪನಿ ಇಲ್ಲ, ಮಂಡ್ಯ ಎಂಬ ಜಿಲ್ಲೆಯೇ ಇಲ್ಲ, ಅದು ಆದದ್ದು 1939ರಲ್ಲಿ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರ್, ದಿವಾನರಾಗಿಲ್ಲ. ಚೀಟಿಗಳಲ್ಲಿ ಕನ್ನಂಬಾಡಿಯ ಗದ್ದೆಯವನು, ವೇಣುಗೋಪಾಲಸ್ವಾಮಿ ಗುಡಿಯ ಅರ್ಚಕರು, ಸುರ್ಕಿ ಗಾರೆ ಕಲಸಲು ಬೇರೆ ಸೀಮೆಯಿಂದ ಬಂದ ಹೆಂಗಸು, ಲೆಕ್ಕ ಬರೆಯುವ ಗುಮಾಸ್ತ, ಮಂಡ್ಯದ ಕಡೆಯ ರಾಗಿ ಹೊಲದವನು.

ಅಚ್ಚರಿ ಎಂದರೆ ಮಕ್ಕಳಿಗೆ ಅತಿ ಕಷ್ಟವಾದದ್ದು ಎರಡನೇ ನಿಯಮ. ಪಾಂಡವಪುರದ ಶಾಲೆಯಲ್ಲಿ ಗದ್ದೆಯವನ ಚೀಟಿ ಬಂದ ಹುಡುಗ ಎದ್ದು ನಿಂತು, “ಪರವಾಗಿಲ್ಲ, ನಮ್ಮೂರು ಮುಳುಗ್ಲಿ, ನಾಡಿಗೆ ಒಳ್ಳೇದಾಗುತ್ತೆ” ಎಂದ. ಪ್ರಶಿಕ್ಷಣಾರ್ಥಿ, “ಒಳ್ಳೇದಾಗುತ್ತೆ ಅಂತ ನಿಂಗೆ ಹೆಂಗ್ ಗೊತ್ತಪ್ಪ?” ಎಂದು ಕೇಳಿದರು. ಹುಡುಗ ಬಾಯಿ ತೆರೆದು ನಿಂತ. ಸ್ವಲ್ಪ ಹೊತ್ತಾದ ಮೇಲೆ, “ಗೊತ್ತಿಲ್ಲ ಮಿಸ್” ಎಂದು ಕೂತ. ಕಡಗ ಕಳಚಿದ ಕ್ಷಣ ಅದು. ಆ ಊರಿನವರಿಗೆ ಹೊಸ ಕನ್ನಂಬಾಡಿ ಗೊತ್ತು. ನೀರಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿಯ ಕಲ್ಲುಗಳನ್ನು ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ, ಪ್ರವಾಸಕ್ಕೆ ಎಲ್ಲರೂ ಹೋಗಿಬಂದಿದ್ದಾರೆ. ಗುಡಿಯನ್ನು ಎತ್ತಿ ತಂದರು, ಮನೆಗಳನ್ನು ತಂದರೇ ಎಂದು ಆ ದಿನ ಒಬ್ಬಳು ಕೇಳಿದಳು.

ಪಾಂಡವಪುರದಲ್ಲೇ ಇನ್ನೊಂದು ತಮಾಷೆ. ಊರಿನ ಹೆಸರುಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ ಎಂದರೆ ಹೆಚ್ಚಿನ ಮಕ್ಕಳು ಪಾಂಡವಪುರವನ್ನು ಮೊದಲು ಬರೆದರು, ಫ್ರೆಂಚ್ ರಾಕ್ಸ್ ಅನ್ನು ಕೊನೆಗೆ. ಪಾಂಡವರು ಫ್ರೆಂಚರಿಗಿಂತ ಹಳಬರಲ್ಲವೇ! ಹಿರೋಡೆ, ಆಮೇಲೆ ಹೈದರ್ ಮತ್ತು ಟಿಪ್ಪುವಿನ ಕಡೆಯ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್, ಪಾಂಡವಪುರ ಆದದ್ದು ಕೊನೆಗೆ ಎಂದು ಹೇಳಿದಾಗ ಕೆಲವರು ನಂಬಲೇ ಇಲ್ಲ. ಅತ್ತಿಕುಪ್ಪೆ ಕೃಷ್ಣರಾಜಪೇಟೆಯಾದ ಕಥೆಯೂ ಹೀಗೆಯೇ ಉಪಯೋಗಕ್ಕೆ ಬಂತು.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ಹರಿದು ಹೋಗಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕಾವೇರಿ ಸೇರುತ್ತದೆ. ಅಲ್ಲಿನ ಶಾಲೆಯಲ್ಲಿ ಪಾಠ ಅಷ್ಟೇನೂ ಸರಿಹೋಗಲಿಲ್ಲ. ಚೀಟಿ ಬಂದವರು ಬರೆದುಕೊಂಡು ಬಂದು ಓದಿದರು, ಭಾಷಣ ಸ್ಪರ್ಧೆಯ ಹಾಗಾಯಿತು. ಪ್ರಶಿಕ್ಷಣಾರ್ಥಿ ಹಿಂದಿನ ದಿನವೇ ಚೀಟಿ ಕೊಟ್ಟಿದ್ದು ತಪ್ಪಾಯಿತು ಎಂದು ಅವರೇ ದಿನಚರಿಯಲ್ಲಿ ಬರೆದಿದ್ದಾರೆ. ಸರಿಯಾಗಿ ಗುರುತಿಸಿದ್ದಾರೆ.

ನಾಗಮಂಗಲದಲ್ಲಿ ನಾನೇ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಒಣ ತಾಲ್ಲೂಕು, ಬಹುಪಾಲು ಮಳೆ ನಂಬಿದ ಬೇಸಾಯ. ಮುಳುಗಿದ ಊರಿನವರು, ನೀರು ಪಡೆದ ಊರಿನವರು ಎಂದು ಎರಡು ಕಡೆಯ ಮಾತು ಜೋರಾಗಿ ನಡೆದಿತ್ತು. ಬೋಧಿಸುತ್ತಿದ್ದವರು, ಹೋದ ವರ್ಷ ನೀಲಿ ಪೆಟ್ಟಿಗೆ ತಂದಿದ್ದ ಅದೇ ಪ್ರಶಿಕ್ಷಣಾರ್ಥಿ, ಈಗ ಎರಡನೇ ವರ್ಷ. ಪೆಟ್ಟಿಗೆ ಇರಲಿಲ್ಲ, ಬರಿಯ ಹಲಗೆ. ರಾಗಿ ಹೊಲದವನ ಚೀಟಿ ಹಿಡಿದ ಹುಡುಗ ಕೊನೆಯವರೆಗೂ ಸುಮ್ಮನಿದ್ದ. ಕೇಳಿದ್ದಕ್ಕೆ ಎದ್ದು ಹೇಳಿದ: “ನಾನ್ ಮಂಡ್ಯದೋನ್ ಅಲ್ಲ ಮಿಸ್, ನಾಗಮಂಗಲದೋನು. ನಮ್ದು ಮುಳುಗೂ ಇಲ್ಲ, ನಮ್ಗೆ ನೀರೂ ಬರಲ್ಲ. 1911ರಲ್ಲಿ ನಮ್ಮನ್ ಯಾರ್ ಕೇಳುದ್ರು?”

ಆಕೆ ಉತ್ತರ ಕೊಡಲಿಲ್ಲ. ಸುಣ್ಣದ ಕಡ್ಡಿ ತೆಗೆದುಕೊಂಡು ಆ ಪ್ರಶ್ನೆಯನ್ನು ಅವನ ಮಾತಿನಲ್ಲೇ ಹಲಗೆಯ ಮೇಲೆ ಬರೆದರು, ಕೆಳಗೆ ಅವನ ಹೆಸರು ಹಾಕಿದರು. ನಾನು ಈ ಸಲ ವೀಕ್ಷಣಾ ಹಾಳೆಯಲ್ಲಿ ಅದನ್ನು ಬರೆದ ಮೇಲೆಯೇ ಕಾಲಪಾಲನೆಯ ಕಾಲಂ ತುಂಬಿದೆ. ಗಂಟೆ ಹೊಡೆದು ಮೂರು ನಿಮಿಷವಾಗಿತ್ತು.